ಹದಿನಾರನೆಯ ಜೊತೆ ಬೂಟು

ಫುಟ್‌ಬಾಲ್ ಕ್ಲಬ್ಬಿನ ಹಿಂಬದಿಯಲ್ಲಿ, ಕಸದ ಗಾಡಿ ಬಂದು ನಿಲ್ಲುವ ಗೇಟಿನ ಪಕ್ಕಕ್ಕೆ, ಒಂದು ಉದ್ದನೆಯ ಕೋಣೆ. ಬಾಗಿಲ ಮೇಲೆ ಬೋರ್ಡಿಲ್ಲ. ಸಾಬೂನಿನ ವಾಸನೆಯೇ ದಾರಿ ತೋರಿಸುತ್ತಿದ್ದುದರಿಂದ ಬೋರ್ಡಿನ ಅಗತ್ಯ ಯಾರಿಗೂ ಬೀಳಲಿಲ್ಲ. ಆ ಕೋಣೆಯಲ್ಲಿ ಹನ್ನೆರಡು ವರ್ಷ ಬಟ್ಟೆ ಒಗೆದವಳು ಸೋಪಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕ್ಲಬ್ಬಿನ ಅಕಾಡೆಮಿಯಲ್ಲಿ ಆಟ ಕಲಿಯುವ ಮೂಗು ಸುರಿಸುವ ಮರಿಗಳಿಂದ ಹಿಡಿದು ಮೀಸೆ ಚಿಗುರಿದ ರಿಸರ್ವ್ ತಂಡದವರ ತನಕ ಎಲ್ಲರಿಗೂ ಅವಳು ಸೋಪಕ್ಕ. ಒಬ್ಬ ಹುಡುಗ ಮಾತ್ರ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದ, ಏಕೆಂದರೆ ಅವನು ಅವಳ ತಂಗಿಯ ಮಗ. ಈ ಕತೆಯೆಲ್ಲ ಅವನ ಕಾಲಿನ ಬೂಟಿನದು.

ಕೋಣೆಯಲ್ಲಿ ಎರಡು ಒಗೆಯುವ ಯಂತ್ರಗಳು. ದೊಡ್ಡದು ತಿರುಗುವಾಗ ನೆಲವೇ ನಡುಗುತ್ತಿತ್ತು, ಅದನ್ನು ಸೋಪಕ್ಕ ಆನೆ ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ಬಂದವಳು ಅದರ ಬೆನ್ನು ತಟ್ಟಿ, "ಏಳಪ್ಪ, ಇನ್ನೂರು ಚಡ್ಡಿ ಕಾಯ್ತಿವೆ" ಎನ್ನದೆ ಗುಂಡಿ ಒತ್ತುತ್ತಿರಲಿಲ್ಲ. ಪ್ರತಿ ಜರ್ಸಿಯ ಕಾಲರಿನ ಒಳಗೆ ಕೆಂಪು ದಾರದಲ್ಲಿ ಹುಡುಗನ ನಂಬರ್ ಹೊಲಿದಿರುತ್ತಿತ್ತು. ಹುಲ್ಲಿನ ಕಲೆಗೆ ಒಂದು ಉಪಾಯ, ರಕ್ತದ ಕಲೆಗೆ ಇನ್ನೊಂದು, ಕಣ್ಣೀರಿಗೆ ಯಾವುದೂ ಬೇಡ, ತಾನಾಗಿ ಹೋಗುತ್ತದೆ ಎಂದು ಅವಳು ನಗಿಸುತ್ತಿದ್ದಳು.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಪಟ್ಟಿಯಾದರೂ ಮೊದಲು ಬಟ್ಟೆ ಕೋಣೆಗೆ ಬರಬೇಕು. ಯಾರು ಮೇಲಿನ ಗುಂಪಿಗೆ ಹೋದರು, ಯಾರನ್ನು ಅಕಾಡೆಮಿಯಿಂದ ಬಿಟ್ಟರು ಎನ್ನುವುದು ಹುಡುಗರಿಗೆ ಗೊತ್ತಾಗುವ ಎರಡು ಮೂರು ದಿನ ಮುಂಚೆಯೇ ಸೋಪಕ್ಕನಿಗೆ ಗೊತ್ತಾಗುತ್ತಿತ್ತು. ಮೇಲೆ ಹೋಗುವವನಿಗೆ ಹೊಸ ಜರ್ಸಿ ತಯಾರಾಗಬೇಕು, ಬಿಟ್ಟವನ ಜರ್ಸಿಯ ನಂಬರ್ ಬಿಚ್ಚಿ ಇನ್ನೊಬ್ಬನಿಗೆ ಹೊಲಿಯಬೇಕು. ಬಾಯಿ ಮಾತ್ರ ಬಿಡಬಾರದು. ಬಾಯಿ ಬಿಟ್ಟರೆ ಕೆಲಸ ಹೋಯಿತು ಅಂತಲೇ.

ಅಕ್ಕತಂಗಿಯರಿಬ್ಬರಿಗೂ ಒಂದೇ ವರ್ಷದಲ್ಲಿ ಗಂಡುಮಕ್ಕಳಾದವು. ಅಕ್ಕನ ಮಗ ವರ್ಷದ ಮೊದಲ ತಿಂಗಳಲ್ಲಿ, ತಂಗಿಯ ಮಗ ಅದೇ ವರ್ಷದ ಕೊನೆಯ ವಾರದಲ್ಲಿ. ತಂಗಿ ಟೈಲರ್, ಎರಡು ಬೀದಿ ಆಚೆ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಹುಡುಗರಿಗೆ ಹನ್ನೊಂದಾದಾಗ ಸೋಪಕ್ಕನೇ ಇಬ್ಬರನ್ನೂ ಕೈಹಿಡಿದು ಅಕಾಡೆಮಿಯ ಆಯ್ಕೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದೇ ವರ್ಷ ಹುಟ್ಟಿದವರೆಲ್ಲ ಒಂದೇ ಗುಂಪು. ಅಕ್ಕನ ಮಗನಿಗೆ ಆಗಲೇ ಅಗಲವಾದ ಭುಜ, ಗಟ್ಟಿ ತೊಡೆ. ಎದುರಿನ ಹುಡುಗರು ಓಡಿ ಬಂದು ಅವನಿಗೆ ಬಡಿದು ಹಿಂದಕ್ಕೆ ಬೀಳುತ್ತಿದ್ದರು. ಮೂರೇ ದಿನಕ್ಕೆ ಅವನಿಗೆ ಗೋಡೆ ಎಂದು ಹೆಸರು ಬಿತ್ತು. ತಂಗಿಯ ಮಗ ಹಾಕಿಕೊಂಡ ಜರ್ಸಿ ಮೊಣಕಾಲು ಮುಟ್ಟುತ್ತಿತ್ತು. ಉಳಿದವರ ತಲೆಗಳ ಮೇಲಿಂದ ಚೆಂಡು ಎಲ್ಲಿದೆ ಎಂದು ನೋಡಲು ಪಾಪ ನಿಂತಲ್ಲೇ ಜಿಗಿಯುತ್ತಿದ್ದ. ಅವನಿಗೆ ಸ್ಪ್ರಿಂಗ್ ಎಂದು ಹೆಸರಾಯಿತು.

ಆ ಮೂರು ವರ್ಷ ಸೋಪಕ್ಕನ ನಡಿಗೆಯೇ ಬೇರೆಯಾಗಿತ್ತು. ಬುಟ್ಟಿ ಹೊತ್ತು ಮೈದಾನದ ಅಂಚಿನಲ್ಲಿ ಹೋಗುತ್ತಿದ್ದರೆ ಬೇರೆ ತಾಯಂದಿರು, "ಅಗೋ, ಗೋಡೆಯ ಅಮ್ಮ" ಎಂದು ಜಾಗ ಬಿಡುತ್ತಿದ್ದರು. ತಂಗಿ ಒಂದು ಮೂಲೆಯಲ್ಲಿ ನಿಂತು, "ಅಕ್ಕಾ, ನಮ್ಮವನಿಗೆ ಇವತ್ತು ಚೆಂಡು ಎಷ್ಟು ಸಲ ಸಿಕ್ತು?" ಎಂದು ಕೇಳುತ್ತಿದ್ದಳು. "ಎರಡು ಸಲ ಸಿಕ್ತಲ್ಲೇ, ಇನ್ನೇನು ಬೇಕು" ಎಂದು ಅಕ್ಕ ಸಮಾಧಾನ ಹೇಳುತ್ತಿದ್ದಳು. ಸಮಾಧಾನ ಹೇಳುವುದು ಬಹಳ ಸುಲಭವಿದ್ದ ಕಾಲ.

ಹುಡುಗರಿಗೆ ಹದಿನಾಲ್ಕಾದಾಗ ಬಂದ ಪಟ್ಟಿಯಲ್ಲಿ ಸ್ಪ್ರಿಂಗ್‌ನ ನಂಬರಿನ ಮೇಲೆ ಗೆರೆ ಎಳೆದಿತ್ತು. ಸೋಪಕ್ಕ ಕತ್ತರಿ ಕೈಗೆತ್ತಿಕೊಂಡವಳು ಕೆಳಗಿಟ್ಟಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೇರವಾಗಿ ಅಕಾಡೆಮಿಯ ಮುಖ್ಯಸ್ಥರ ಕೋಣೆಗೆ ಹೋದಳು.

"ಸರ್, ನಮ್ಮ ಮನೆ ಗಂಡುಮಕ್ಕಳು ತಡವಾಗಿ ಉದ್ದ ಆಗೋದು. ನಮ್ಮಣ್ಣ ಹದಿನಾರರ ತನಕ ಮೇಜಿನ ಕೆಳಗೆ ನಡೆದು ಹೋಗ್ತಿದ್ದ, ಆಮೇಲೆ ಬಾಗಿಲಿಗೆ ಹಣೆ ತಗಲಿಸ್ಕೊಂಡ. ಈ ಹುಡುಗನಿಗೆ ಒಂದು ವರ್ಷ ಕೊಟ್ಟು ನೋಡಿ."

"ಪಟ್ಟಿ ವಿಷಯ ಹೊರಗೆ ಮಾತಾಡಬಾರದು ಅಂತ ಗೊತ್ತಲ್ವಾ ನಿಮಗೆ?"

"ಹೊರಗೆಲ್ಲಿ ಮಾತಾಡಿದೆ ಸರ್? ಒಳಗೇ ಬಂದು ಮಾತಾಡ್ತಿದ್ದೀನಲ್ಲ."

ಅವರು ನಕ್ಕುಬಿಟ್ಟರು. ಗೆರೆ ಅಳಿಸಲಿಲ್ಲ, ಆದರೆ ಪಕ್ಕದಲ್ಲಿ "ಇನ್ನೊಂದು ವರ್ಷ" ಎಂದು ಬರೆದರು. ತಂಗಿಗಾಗಲಿ ಆ ಹುಡುಗನಿಗಾಗಲಿ ಸೋಪಕ್ಕ ಇದರ ಒಂದಕ್ಷರ ಹೇಳಲಿಲ್ಲ. ಹೇಳಬಾರದೆನ್ನುವುದು ಕೆಲಸದ ನಿಯಮ. ಹೇಳದೆ ಇಟ್ಟುಕೊಳ್ಳುವುದರಲ್ಲಿ ಒಂದು ಸುಖವೂ ಇತ್ತು ಅನ್ನಿ.

ಮುಂದಿನ ಎರಡು ವರ್ಷದಲ್ಲಿ ಸ್ಪ್ರಿಂಗ್ ನೋಡನೋಡುತ್ತ ಎಳೆದಂತೆ ಉದ್ದವಾದ. ಚಿಕ್ಕವನಾಗಿದ್ದಾಗ ತಳ್ಳುವವರ ನಡುವೆ ನುಸುಳಿ ನುಸುಳಿ ಕಲಿತ ಚುರುಕು, ಈಗ ಬಂದ ಎತ್ತರ, ಎರಡೂ ಸೇರಿದವು. ಗೋಡೆ ಬೆಳೆಯಬೇಕಾದ್ದನ್ನೆಲ್ಲ ಹದಿಮೂರಕ್ಕೇ ಬೆಳೆದು ಮುಗಿಸಿದ್ದ. ಸುತ್ತಲಿನವರೆಲ್ಲ ಅವನ ಭುಜ ದಾಟಿ, ಕಿವಿ ದಾಟಿ, ತಲೆ ದಾಟಿ ಹೋದರು. ಮೈಬಲದಿಂದ ತಡೆಯುತ್ತಿದ್ದವನಿಗೆ ಬೇರೆ ರೀತಿ ತಡೆಯಲು ಯಾರೂ ಕಲಿಸಿರಲಿಲ್ಲ.

ಹದಿನಾರರ ಪಟ್ಟಿಯಲ್ಲಿ ಐದನೆಯ ನಂಬರಿನ ಮೇಲೆ ಗೆರೆಯಿತ್ತು. ಐದು ಅವಳ ಮಗನದು. ಸೋಪಕ್ಕ ಮುಖ್ಯಸ್ಥರ ಬಾಗಿಲ ತನಕ ಹೋದಳು, ಬಾಗಿಲು ಬಡಿಯಲು ಕೈಯೆತ್ತಿದಳು. ತಂಗಿಯ ಮಗನಿಗಾಗಿ ಸಲೀಸಾಗಿ ತೆರೆದ ಬಾಯಿ ಸ್ವಂತ ಮಗನಿಗಾಗಿ ತೆರೆಯಲಿಲ್ಲ. ಬಂದ ದಾರಿಯಲ್ಲೇ ತಿರುಗಿ, ಸ್ಟೂಲಿನ ಮೇಲೆ ಕುಳಿತು, ಕಾಲರಿನ ಕೆಂಪು ದಾರವನ್ನು ಎಳೆಎಳೆಯಾಗಿ ಬಿಚ್ಚಿದಳು. ಆಮೇಲೆ ಮೂರು ದಿನ, ಏನೂ ತಿಳಿಯದೆ ಹಾಡಿಕೊಂಡು ಊಟ ಮಾಡುತ್ತಿದ್ದ ಮಗನಿಗೆ ಬಡಿಸಿದಳು.

ಗೋಡೆ ಒಂದು ವಾರ ಮಂಕಾಗಿದ್ದ. ಆಮೇಲೆ ಫ್ರಿಡ್ಜ್ ರಿಪೇರಿಯ ಅಂಗಡಿ ಸೇರಿದ. ಕೆಟ್ಟು ನಿಂತ ಪೆಟ್ಟಿಗೆಯೊಳಗಿಂದ ತಣ್ಣನೆ ಗಾಳಿ ಬರಿಸುವುದರಲ್ಲಿ ಅವನಿಗೆ ಎಂಥದೋ ಖುಷಿ ಸಿಕ್ಕಿತು. ಸಂಜೆ ಮನೆಗೆ ಬಂದು, "ಇವತ್ತು ಮೂರು ಬದುಕಿಸ್ದೆ ಅಮ್ಮ" ಎನ್ನುತ್ತಿದ್ದ. ಸೋಪಕ್ಕನ ಗಂಡ ದೂರದೂರಿಗೆ ಲಾರಿ ಓಡಿಸುವವನು, ಬಂದಾಗ ಮಗನ ಬೆನ್ನು ತಟ್ಟಿ, "ಒಳ್ಳೇದೇ ಆಯ್ತು ಬಿಡು" ಎಂದು ಮಲಗಿಬಿಟ್ಟ. ಹೀಗೆ ಎಲ್ಲರೂ ಆ ಮೈದಾನದಿಂದ ಹೊರಗೆ ಬಂದರು. ಸೋಪಕ್ಕ ಮಾತ್ರ ಬರುವ ಹಾಗಿರಲಿಲ್ಲ, ಅವಳ ಕೆಲಸವೇ ಅಲ್ಲಿ.

ಸ್ಪ್ರಿಂಗ್ ರಿಸರ್ವ್ ತಂಡಕ್ಕೆ ಏರಿದ. ರಿಸರ್ವ್ ಎಂದರೆ ದೊಡ್ಡ ತಂಡದ ಹೊಸಿಲು. ಅಲ್ಲಿಂದ ಒಂದು ಹೆಜ್ಜೆ ಒಳಗಿಟ್ಟರೆ ಸಾವಿರಾರು ಜನ ಕೂಗುವ ಮೈದಾನ, ಇಲ್ಲದಿದ್ದರೆ ಎರಡು ವರ್ಷಕ್ಕೆ ಮನೆ. ಈಗ ಬೇರೆ ತಾಯಂದಿರು ಸೋಪಕ್ಕನನ್ನು ತೋರಿಸಿ, "ಇವರು ಸ್ಪ್ರಿಂಗ್‌ನ ದೊಡ್ಡಮ್ಮ" ಎನ್ನತೊಡಗಿದರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಎದೆಯಲ್ಲಿ ಸೂಜಿ ಆಡಿದಂತಾಗುತ್ತಿತ್ತು. ಅವನ ಜರ್ಸಿ ಬುಟ್ಟಿಯಿಂದ ಮೇಲೆ ಬಂದಾಗ ಕಲೆ ಎಷ್ಟಿದೆ ಎಂದು ಮೊದಲು ನೋಡುತ್ತಿದ್ದಳು. ಕಲೆ ಕಡಿಮೆಯಿದ್ದರೆ, ಅಂದರೆ ಅವನನ್ನು ಬೇಗ ಹೊರಗೆ ಕೂರಿಸಿದ್ದರೆ, ಆ ದಿನ ಅವಳಿಗೆ ಅನ್ನ ರುಚಿಸುತ್ತಿತ್ತು. ಇದು ಹೊಟ್ಟೆಕಿಚ್ಚು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅದನ್ನು ಮಡಿಲಲ್ಲಿಟ್ಟು ಸಾಕುತ್ತಿದ್ದಳು.

ಹುಡುಗನಿಗೆ ಹದಿನೆಂಟು ನಡೆಯುವಾಗ ದೊಡ್ಡ ತಂಡದ ಮುಂಚೂಣಿ ಆಟಗಾರನೊಬ್ಬ ಕಾಲು ಉಳುಕಿಸಿಕೊಂಡ. ಆಟದ ಸಾಮಾನಿಡುವ ಕಿಟ್ ಕೋಣೆಯ ಯಜಮಾನ, ಹುಡುಗರೆಲ್ಲ ಕಿಟ್ಟಣ್ಣ ಎನ್ನುತ್ತಿದ್ದ ಮುದುಕ, ಶುಕ್ರವಾರ ಬೆಳಿಗ್ಗೆ ಬಂದು ಆನೆಯ ಮೇಲೆ ಮೊಣಕೈ ಊರಿ ನಿಂತ.

"ಸೋಪಕ್ಕ, ನಾಳೆ ರಿಸರ್ವ್ ಆಟ ನೋಡೋಕೆ ದೊಡ್ಡ ಕೋಚ್ ಬರ್ತಾರಂತೆ. ನಿಮ್ಮ ಹುಡುಗನ್ನ ನೋಡೋಕೇ ಅಂತ ಮಾತು. ಚೆನ್ನಾಗಿ ಆಡಿದ್ರೆ ಸೋಮವಾರದಿಂದ ದೊಡ್ಡ ತಂಡದ ಜೊತೆ ಅಭ್ಯಾಸ."

"ಚೆನ್ನಾಗಿ ಆಡದಿದ್ರೆ?"

"ಇನ್ನೊಬ್ಬ ಇದ್ದಾನಲ್ಲ ಒಂಬತ್ತನೇ ನಂಬರ್, ಅವನು. ಯಾಕೆ ಹಾಗೆ ಕೇಳ್ತೀರಿ, ಬಾಯಿಗೆ ಸಕ್ಕರೆ ಹಾಕ್ಕೊಂಡು ಮಾತಾಡಿ!"

ಮಧ್ಯಾಹ್ನಕ್ಕೆ ತಂಗಿ ಬಂದಳು. ಹೊಸ ಸೀರೆ, ಕೈಯಲ್ಲಿ ಮಡಚಿದ ಕೊಡೆ. ಮೂಲೆಯಲ್ಲಿ ನಿಂತು ಪಿಸುಗುಡುತ್ತಿದ್ದವಳು ಈಗ ಬಾಗಿಲಿನಿಂದಲೇ ಜೋರಾಗಿ ಮಾತು ಶುರುಮಾಡಿದಳು.

"ಅಕ್ಕಾ, ಕೇಳಿದ್ಯಾ? ನಾಳೆ ನಮ್ಮವನನ್ನ ನೋಡೋಕೆ ಬರ್ತಾರೆ! ನಂಗೆ ಬೆಳಿಗ್ಗೆಯಿಂದ ಸೂಜಿಗೆ ದಾರ ಪೋಣಿಸೋಕೇ ಆಗ್ತಿಲ್ಲ."

"ಕೇಳ್ದೆ ಕಣೇ. ಕೂತ್ಕೋ."

"ಕೂರೋಕಾಗಲ್ಲ. ಅಲ್ಲ ಅಕ್ಕ, ಆ ಮಗು ಎಷ್ಟು ಕಷ್ಟಪಡ್ತು ನೋಡು. ಯಾರೂ ಒಂದು ಮಾತು ಹೇಳಿ ತಳ್ಳಿದವರಿಲ್ಲ, ಕೈ ಕೊಟ್ಟು ಎತ್ತಿದವರಿಲ್ಲ. ತನ್ನ ಕಾಲ ಮೇಲೆ ತಾನೇ ಮೇಲೆ ಬಂದ."

ಸೋಪಕ್ಕ ಒದ್ದೆ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದಳು. ಕೈ ನಿಂತುಹೋಯಿತು. ಹದಿನಾಲ್ಕರ ಪಟ್ಟಿ, ಅದರ ಮೇಲಿನ ಗೆರೆ, ಎಲ್ಲವೂ ನಾಲಿಗೆಯ ತುದಿಗೆ ಬಂದವು.

"ಯಾರೂ ಇಲ್ವಾ?" ಎಂದಳು.

"ಯಾರಿದ್ರು ಹೇಳು? ನೀನೂ ಆಗ ನಿನ್ನ ಮಗನ ಗುಂಗಲ್ಲೇ ಇದ್ದೆ. ತಪ್ಪು ಅಂತ ಹೇಳ್ತಿಲ್ಲಪ್ಪ. ಗೋಡೆಗೂ ಒಳ್ಳೇದೇ ಆಯ್ತು ಬಿಡು, ಎಲ್ಲರಿಗೂ ಆಟ ಹಣೇಲಿ ಬರೆದಿರುತ್ತಾ?"

ಕೊನೆಯ ಮಾತನ್ನು ತಂಗಿ ಪ್ರೀತಿಯಿಂದಲೇ ಆಡಿದ್ದಳು. ಹಾಗಾಗಿಯೇ ಅದು ಆಳಕ್ಕೆ ಇಳಿಯಿತು. ಸೋಪಕ್ಕ ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ನಾಳೆ ಕೊಡೆ ಮರೀಬೇಡ, ಮಳೆ ಬರೋ ಹಾಗಿದೆ" ಎಂದಷ್ಟೇ ಹೇಳಿದಳು.

ಮಳೆ ಬಂದೇ ಬಂತು. ಶನಿವಾರ ಬೆಳಿಗ್ಗೆ ಕಿಟ್ಟಣ್ಣ ಎಂದಿನಂತೆ ಮೈದಾನದ ನಾಲ್ಕು ಮೂಲೆಯಲ್ಲೂ ತನ್ನ ಬೀಗದ ಕೈಯನ್ನು ನೆಲಕ್ಕೆ ಚುಚ್ಚಿ ನೋಡಿದ. ಹಿಡಿಯ ತನಕ ಇಳಿಯಿತು. ಬಂದು, "ಎಲ್ಲಾ ಉದ್ದ" ಎಂದು ಕೂಗಿದ.

ಆ ಕೂಗಿನ ಅರ್ಥ ಇಷ್ಟು. ಫುಟ್‌ಬಾಲ್ ಬೂಟಿನ ತಳದಲ್ಲಿ ಗುಂಡಿಗಳಂಥ ಸ್ಟಡ್‌ಗಳಿರುತ್ತವೆ, ಒಂದೊಂದು ಬೂಟಿಗೆ ಆರಾರು. ಅವನ್ನು ತಿರುಗಿಸಿ ಬಿಚ್ಚಬಹುದು. ಒಣ ನೆಲಕ್ಕೆ ಚಿಕ್ಕ ಸ್ಟಡ್, ಕೆಸರಿಗೆ ಉದ್ದ ಸ್ಟಡ್. ಕೆಸರಲ್ಲಿ ಚಿಕ್ಕದು ಹಾಕಿಕೊಂಡು ಓಡಿದವನು ಎಣ್ಣೆ ಚೆಲ್ಲಿದ ನೆಲದ ಮೇಲೆ ಓಡಿದಂತೆ. ಅಕಾಡೆಮಿಯ ಚಿಕ್ಕವರು ತಮ್ಮ ಬೂಟು ತಾವೇ ನೋಡಿಕೊಳ್ಳಬೇಕು. ರಿಸರ್ವ್‌ಗೆ ಏರಿದವರ ಬೂಟು ಮಾತ್ರ ಸೋಪಕ್ಕನ ಕೈಗೆ ಬರುತ್ತಿತ್ತು, ಅದು ಅವರಿಗೆ ಸಿಗುವ ಮರ್ಯಾದೆ. ಆಟಕ್ಕೆ ಮುಂಚೆ ರೆಫ್ರಿ ತಳ ಸವರಿ ನೋಡುವುದು ಸ್ಟಡ್ ಚೂಪಾಗಿದೆಯೇ ಎಂದು ತಿಳಿಯಲು, ಉದ್ದ ಅವನಿಗೆ ಸಂಬಂಧವಿಲ್ಲ. ಹುಡುಗರಂತೂ ತಳ ತಿರುಗಿಸಿ ನೋಡುತ್ತಲೇ ಇರಲಿಲ್ಲ. ಸೋಪಕ್ಕ ಇಟ್ಟಿದ್ದಾಳೆ ಅಂದರೆ ಸರಿಯಿದೆ ಎಂದರ್ಥ.

ಹದಿನಾರು ಜೊತೆ ಬೂಟು. ಸೋಪಕ್ಕ ಮಡಿಲಲ್ಲಿ ಒಂದೊಂದೇ ಮಲಗಿಸಿಕೊಂಡು, ಸ್ಪ್ಯಾನರಿನಿಂದ ಹಿಂದಿನ ವಾರದ ಚಿಕ್ಕ ಸ್ಟಡ್ ಬಿಚ್ಚಿ ಡಬ್ಬಿಗೆ ಹಾಕಿ, ಉದ್ದದ್ದು ತಿರುಗಿಸಿದಳು. ಹದಿನೈದು ಜೊತೆ ಮುಗಿಯಿತು. ಸ್ಪ್ರಿಂಗ್‌ನ ಜೊತೆ ಕೊನೆಗೆ ಉಳಿಯಿತೋ, ಅವಳೇ ಉಳಿಸಿದಳೋ. ಅದನ್ನು ಮಡಿಲಿಗೆ ಎತ್ತಿಕೊಂಡು ಬಹಳ ಹೊತ್ತು ಕುಳಿತಳು. ಹನ್ನೊಂದು ವರ್ಷದ ಗೋಡೆಯ ಬೂಟು ಇದರ ಅರ್ಧ ಇತ್ತು. ಆಗ ಮನೆಯಲ್ಲಿ ಅದನ್ನು ಹಾಲಿನ ಪಾತ್ರೆಯಂತೆ ತೊಳೆದಿಡುತ್ತಿದ್ದಳು.

ಕೊನೆಗೆ ಸ್ಪ್ಯಾನರ್ ಪಕ್ಕಕ್ಕಿಟ್ಟಳು. ಬಟ್ಟೆ ತೆಗೆದುಕೊಂಡು ಆ ಬೂಟುಗಳ ಮೇಲ್ಮೈಯನ್ನು ಉಜ್ಜಿದಳು, ಉಜ್ಜಿದಳು, ಮುಖ ಕಾಣುವ ಹಾಗೆ ಉಜ್ಜಿದಳು. ಚಿಕ್ಕ ಸ್ಟಡ್ ಚಿಕ್ಕದಾಗಿಯೇ ಉಳಿಯಿತು. ಸಾಲಿನಲ್ಲಿ ಅದೊಂದೇ ಜೊತೆ ಫಳಫಳ ಹೊಳೆಯುತ್ತಿತ್ತು.

"ದೊಡ್ಡಮ್ಮ, ನನ್ನ ಬೂಟು ಮದುವೆಗೆ ಹೊರಟ ಹಾಗಿದೆ!" ಎಂದು ಹುಡುಗ ನಕ್ಕ. ಬಗ್ಗಿ ಅವಳ ಕಾಲು ಮುಟ್ಟಿ ಓಡಿದ.

ಆಟ ಶುರುವಾಯಿತು. ದೊಡ್ಡ ಕೋಚ್ ಕರಿ ಜಾಕೀಟು ಹಾಕಿಕೊಂಡು ಮೇಲಿನ ಸಾಲಿನಲ್ಲಿ ಕುಳಿತಿದ್ದರು. ಎರಡು ಸಾಲು ಕೆಳಗೆ ಕೊಡೆ ಹಿಡಿದ ತಂಗಿ. ಸೋಪಕ್ಕ ಒಗೆಯುವ ಕೋಣೆಯ ಓಣಿ ಮೈದಾನಕ್ಕೆ ತೆರೆದುಕೊಳ್ಳುವಲ್ಲಿ ಬುಟ್ಟಿ ಇಟ್ಟುಕೊಂಡು ನಿಂತಳು. ಆ ದಿನ ಅಂಗಡಿಗೆ ಅರ್ಧ ರಜೆ ಹಾಕಿ ಗೋಡೆಯೂ ತಮ್ಮನ ಆಟ ನೋಡಲು ಬಂದಿದ್ದ. ಅಮ್ಮನ ಪಕ್ಕದಲ್ಲೇ ಕಂಬಿ ಹಿಡಿದು ನಿಂತ.

ಹತ್ತು ನಿಮಿಷವಾಗಿರಬಹುದು. ಎಡಗಡೆಯಿಂದ ಚೆಂಡು ಎತ್ತರವಾಗಿ ಬಂತು. ಸ್ಪ್ರಿಂಗ್ ಜಿಗಿಯಲೆಂದು ಕಾಲೂರಿದ. ಕಾಲು ಜಾರಿತು. ಅಂಗಾತ ಬಿದ್ದ. ಎದುರು ತಂಡದವರು ಗೊಳ್ಳೆಂದು ನಕ್ಕರು. ಸೋಪಕ್ಕನ ಎದೆಯೊಳಗೆ ಎರಡು ವರ್ಷದಿಂದ ಉರಿಯುತ್ತಿದ್ದ ಜಾಗ ತಣ್ಣಗಾಯಿತು. ಆಹಾ ಅನ್ನಿಸಿತು. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ, ಆಹಾ ಎಂದೇ ಅನ್ನಿಸಿತು.

ಇನ್ನೊಂದು ಹತ್ತು ನಿಮಿಷಕ್ಕೆ ಗೋಲಿನ ಮುಂದೆ ಅವನೊಬ್ಬನಿಗೇ ಚೆಂಡು ಸಿಕ್ಕಿತು. ತಿರುಗಿ ಒದೆಯಬೇಕು, ತಿರುಗುವಾಗ ಎರಡೂ ಕಾಲು ಒಟ್ಟಿಗೆ ಹೋದವು. ಮೊಣಕಾಲು ನೆಲಕ್ಕೆ ಬಡಿದ ಸದ್ದು ಓಣಿಯ ತನಕ ಕೇಳಿಸಿತು. ಎದ್ದವನು ಬೂಟಿನ ಕಡೆ ನೋಡಲೇ ಇಲ್ಲ. ಮೇಲಿನ ಸಾಲನ್ನು ಒಮ್ಮೆ ನೋಡಿ, ಎರಡು ಕೈಯಲ್ಲೂ ತನ್ನ ಕೆನ್ನೆಗೆ ತಾನೇ ಪಟಪಟ ಹೊಡೆದುಕೊಂಡ. ಸೋಪಕ್ಕನಿಗೆ ಈ ಸಲ ಏನೂ ತಣ್ಣಗಾಗಲಿಲ್ಲ.

"ಅಮ್ಮಾ," ಎಂದ ಗೋಡೆ, ಮೈದಾನದಿಂದ ಕಣ್ಣು ತೆಗೆಯದೆ. "ಅವನ ಕಾಲಡಿ ಚಿಕ್ಕದಿದೆ."

"ಏನು?"

"ಸ್ಟಡ್ಡು. ಬಿದ್ದಾಗ ಅಂಗಾಲು ನಮ್ಮ ಕಡೆಗೇ ಇತ್ತಲ್ಲ. ಉಳಿದವರಿಗೆಲ್ಲ ಉದ್ದ ಹಾಕಿದೀಯ." ಈಗ ತಿರುಗಿ ನೋಡಿದ. "ಮರೆತುಹೋಯ್ತಾ?"

ಸೋಪಕ್ಕ ಬುಟ್ಟಿಯೊಳಗಿನ ಟವೆಲ್ ಮಡಚತೊಡಗಿದಳು. ಆಗಲೇ ಮಡಚಿದ್ದ ಟವೆಲ್ ಅದು. ಮಗ ಅವಳ ಕೈ ನೋಡಿದ, ಮುಖ ನೋಡಿದ. ಅವನಿಗೆ ಅರ್ಥವಾಯಿತು.

"ಒಂದು ಕೇಳ್ಕೋತೀನಿ ಅಮ್ಮ," ಎಂದ ಮೆಲ್ಲಗೆ. "ಇದನ್ನ ನನಗೋಸ್ಕರ ಮಾಡ್ದೆ ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡ."

ಅಷ್ಟು ಹೇಳಿ ಚಿಕ್ಕಮ್ಮ ಕುಳಿತಿದ್ದ ಕಡೆಗೆ ನಡೆದುಹೋದ.

ಅರ್ಧ ಆಟಕ್ಕೆ ರೆಫ್ರಿ ಸೀಟಿ ಊದಿದ. ಡ್ರೆಸ್ಸಿಂಗ್ ಕೋಣೆಯೊಳಗೆ ನೀರಿನ ಬಾಟಲಿ, ಒಣ ಟವೆಲ್ ಕೊಡುವುದು ಸೋಪಕ್ಕನ ಕೆಲಸ. ಅಲ್ಲಿ ಅವಳಾಗಲಿ ಕಿಟ್ಟಣ್ಣನಾಗಲಿ ಬಾಯಿ ತೆರೆಯುವ ಹಾಗಿಲ್ಲ. ಕೋಚ್ ಒಬ್ಬರದೇ ಮಾತು. ರಿಸರ್ವ್ ಕೋಚ್ ಅಂದು ಕೆಂಡವಾಗಿದ್ದರು.

"ಏನಾಯ್ತೋ ನಿಂಗೆ? ಮಂಜುಗಡ್ಡೆ ಮೇಲೆ ಮೊದಲ ಸಲ ನಿಂತ ಕೋಳಿ ಹಾಗೆ ಆಡ್ತಿದೀಯ! ದೊಡ್ಡ ಕೋಚ್ ಬಂದಿದಾರೆ ಅಂತ ಕಾಲು ನಡುಗ್ತಿದ್ಯಾ?"

"ಇಲ್ಲ ಸರ್. ಗೊತ್ತಿಲ್ಲ ಸರ್. ಕಾಲು ನಿಲ್ತಾನೇ ಇಲ್ಲ."

"ನಿಲ್ಲದ ಕಾಲು ನಂಗೆ ಬೇಡ. ಒಂಬತ್ತು, ಎದ್ದೇಳು, ನೀನು ಹೋಗು. ನೀನು ಕೂತ್ಕೋ."

ಸ್ಪ್ರಿಂಗ್ ಬೆಂಚಿನ ಮೇಲೆ ಕುಸಿದ. ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡ, ಮುಖ ಕಾಣದ ಹಾಗೆ. ಒಂಬತ್ತನೆಯವನು ಜಾಕೀಟು ಬಿಚ್ಚತೊಡಗಿದ. ಇನ್ನು ಅವನು ಬಾಗಿಲು ದಾಟಿದರೆ ಮುಗಿಯಿತು. ಸೋಪಕ್ಕ ಬಾಗಿಲಲ್ಲೇ ನಿಂತಿದ್ದಳು, ಖಾಲಿ ಬುಟ್ಟಿ ಸೊಂಟದ ಮೇಲೆ. ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ಅಷ್ಟೇ. ಅವಳು ಸರಿಯಲಿಲ್ಲ.

"ಸರ್, ತಪ್ಪು ಹುಡುಗನದ್ದಲ್ಲ."

ಹದಿನಾರು ತಲೆಗಳು ತಿರುಗಿದವು. ಕಿಟ್ಟಣ್ಣ ಕಣ್ಣಲ್ಲೇ ಸುಮ್ಮನಿರಿ ಎಂದ.

"ಅವನಿಗೆ ಹಾಕಿರೋದು ಚಿಕ್ಕ ಸ್ಟಡ್."

ಕಿಟ್ಟಣ್ಣ ಬಗ್ಗಿ ಹುಡುಗನ ಕಾಲೆತ್ತಿ ನೋಡಿದ. ಕೆಳಗಿಟ್ಟ. ಕೋಚ್ ಬಂದು ತಾವೂ ನೋಡಿದರು. ಅವರ ದನಿ ಇಳಿಯಿತು. ಅವಳ ಕೆಲಸದಲ್ಲಿ ಹನ್ನೆರಡು ವರ್ಷ ಒಂದು ಕಾಲುಚೀಲ ಕಳೆದುಹೋದದ್ದನ್ನೂ ಕಂಡವರಲ್ಲ ಅವರು.

"ಮರೆತ್ರಾ ಸೋಪಕ್ಕ? ಆಗುತ್ತೆ ಬಿಡಿ. ಹದಿನಾರು ಜೊತೆ, ಒಬ್ಬರ ಕೈ..."

ಬಾಗಿಲು ತೆರೆದು ದಾರಿ ತೋರಿಸಿದಂತಿತ್ತು. ಹೌದು ಎಂದರೆ ಸಾಕಿತ್ತು. ಟವೆಲ್ಲಿನ ಕೆಳಗಿಂದ ಹುಡುಗ ಅವಳನ್ನೇ ನೋಡುತ್ತಿದ್ದ. ಹೌದು ಅನ್ನಲಿ ಎಂದೇ ಅವನ ಕಣ್ಣು ಬೇಡುವಂತಿತ್ತು.

"ಮರೀಲಿಲ್ಲ ಸರ್" ಎಂದಳು ಸೋಪಕ್ಕ.

ಯಾರೂ ಯಾಕೆ ಎಂದು ಕೇಳಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಗೋಡೆಯ ಜೊತೆ ಆಡಿ ಬೆಳೆದ ಹುಡುಗರೇ. ಒಂಬತ್ತನೆಯವನು ಬಿಚ್ಚಿದ ಜಾಕೀಟನ್ನು ಮತ್ತೆ ತೋಳಿಗೆ ಏರಿಸಿಕೊಂಡ. ಸೋಪಕ್ಕ ಸ್ಪ್ಯಾನರ್ ತರಲು ತಿರುಗಿದಾಗ ಹುಡುಗ, "ಕಿಟ್ಟಣ್ಣ, ನೀವು ಮಾಡಿ" ಎಂದ. ಅವಳತ್ತ ನೋಡಲಿಲ್ಲ. ಮುದುಕನ ಕೈ ನಿಧಾನ, ಹನ್ನೆರಡು ಸ್ಟಡ್ ಬದಲಿಸುವಷ್ಟರಲ್ಲಿ ರೆಫ್ರಿ ಎರಡು ಸಲ ಬಂದು ಬಾಗಿಲು ಬಡಿದ. ಸೋಪಕ್ಕ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಅಷ್ಟು ಮಾತ್ರ ಅವಳಿಗೆ ಬಿಟ್ಟರು.

ಎರಡನೆಯ ಅರ್ಧದಲ್ಲಿ ಸ್ಪ್ರಿಂಗ್ ಅದ್ಭುತವೇನೂ ಆಡಲಿಲ್ಲ. ಮೊಣಕಾಲು ಊದಿತ್ತು. ಆದರೆ ಕಾಲು ನಿಂತಿತು. ಕೊನೆಯ ಐದು ನಿಮಿಷದಲ್ಲಿ ಒಮ್ಮೆ, ಇಬ್ಬರು ಹಿಡಿದೆಳೆಯುತ್ತಿದ್ದರೂ ಅವರ ಮೇಲಿಂದ ಎದ್ದು ಚೆಂಡಿಗೆ ತಲೆ ಕೊಟ್ಟ. ಗೋಲಾಗಲಿಲ್ಲ, ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಕರಿ ಜಾಕೀಟಿನವರು ಎದ್ದು ನಿಂತು ನೋಡಿದರು ಎಂದು ಗೋಡೆ ಆಮೇಲೆ ಹೇಳಿದ.

ಸೋಮವಾರದಿಂದ ಬೂಟಿನ ಕೆಲಸ ಸೋಪಕ್ಕನ ಕೈಯಿಂದ ಹೋಯಿತು. ಒಗೆಯುವುದು ಉಳಿಯಿತು, ಕಿಟ್ಟಣ್ಣ ಮುಖ್ಯಸ್ಥರ ಎದುರು ಅವಳ ಪರ ಏನು ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಪಟ್ಟಿಗಳು ಮೊದಲು ಅವನ ಕೋಣೆಗೆ ಹೋಗತೊಡಗಿದವು. ರಿಸರ್ವ್ ಹುಡುಗರು ಬೂಟು ಹಾಕಿಕೊಳ್ಳುವ ಮುಂಚೆ ತಳ ತಿರುಗಿಸಿ ನೋಡುವುದನ್ನು ಕಲಿತರು. ಬಾಗಿಲಿನ ಮುಂದೆ ಹಾದುಹೋಗುವಾಗ ಸ್ಪ್ರಿಂಗ್, "ಸೋಪಕ್ಕ, ಟವೆಲ್" ಎನ್ನುತ್ತಿದ್ದ, ಎಲ್ಲರಂತೆ. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ತಂಗಿ ಬರಲಿಲ್ಲ. ಒಂದು ವಾರ, ಎರಡು, ಐದು ವಾರ. ಸೋಪಕ್ಕ ಮೆಟ್ಟಿಲ ಕೆಳಗಿನ ಅಂಗಡಿಯ ಮುಂದೆ ಹೋದರೆ ಹೊಲಿಗೆ ಯಂತ್ರದ ಸದ್ದು ಜೋರಾಗುತ್ತಿತ್ತು. ಮಗ ಮಾತ್ರ ಎರಡೂ ಮನೆಗೆ ಹೋಗಿಬಂದು ಮಾಡುತ್ತಿದ್ದ, ಯಾರ ಸುದ್ದಿಯನ್ನೂ ಯಾರಿಗೂ ಹೇಳುತ್ತಿರಲಿಲ್ಲ. ದೊಡ್ಡ ಕೋಚ್ ಹುಡುಗನನ್ನು ಇನ್ನೆರಡು ಆಟ ನೋಡಿದರಂತೆ. ಆರನೆಯ ವಾರದಲ್ಲಿ ಅವನನ್ನು ದೊಡ್ಡ ತಂಡದ ಅಭ್ಯಾಸಕ್ಕೆ ಕರೆದರು. ಸೋಪಕ್ಕ ಅದನ್ನು ಎಲ್ಲರಿಗಿಂತ ಕೊನೆಗೆ ತಿಳಿದಳು, ಅಂಗಳದಲ್ಲಿ ಹುಡುಗರು ಅವನನ್ನು ಎತ್ತಿ ಕುಣಿಯುವುದನ್ನು ಕಿಟಕಿಯಿಂದ ನೋಡಿ. ಸಂತೋಷವಾಯಿತು. ಸಂತೋಷದ ಕೆಳಗೆ ಹಳೆಯ ಸೂಜಿ ಒಂದು ಸಲ ಅಲುಗಿತು. ಅಷ್ಟು ಸುಲಭವಾಗಿ ಹೋಗುವ ವಸ್ತುವೇ ಅದು?

ಅದೇ ದಿನ ಸಂಜೆ ಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ಅಂಗಡಿಯಿಂದ ಎದ್ದವಳು ನೇರ ಬಂದಿದ್ದಳು. ಒಳಗೆ ಬರಲಿಲ್ಲ.

"ಒಂದೇ ಕೇಳ್ಬೇಕು ನಿನ್ನ. ನಿಜ ಹೇಳ್ಬೇಕು."

"ಕೇಳು."

"ಅವನು ಬಿದ್ದಾಗ ನಿಂಗೆ ಖುಷಿ ಆಯ್ತಾ ಅಕ್ಕ?"

ಸೋಪಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕುರ್ಚಿಯ ಬೆನ್ನಿಗೆ ಹಾಕಿದಳು.

"ಮೊದಲನೇ ಸಲ ಆಯ್ತು," ಎಂದಳು. "ಎರಡನೇ ಸಲ ಆಗ್ಲಿಲ್ಲ."

ತಂಗಿಯ ಮುಖ ಬಿಳಿಚಿತು. ಹೊಡೆಯುತ್ತಾಳೋ, ಹೊರಟುಹೋಗುತ್ತಾಳೋ ತಿಳಿಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಎರಡು ಸಲಾನೂ ಆಗ್ಲಿಲ್ಲ ಅಂದಿದ್ರೆ ಈ ಹೊಸಿಲು ಇನ್ನು ಮೆಟ್ಟಬಾರದು ಅಂತ ದಾರೀಲಿ ಅಂದ್ಕೊಂಡು ಬಂದೆ."

"ಹೂಂ."

"ನಂಗೂ ಗೊತ್ತು ಕಣೇ ಅಕ್ಕ, ಅಂಥ ಖುಷಿ ಹೇಗಿರುತ್ತೆ ಅಂತ. ಗೋಡೆಯನ್ನ ಬಿಟ್ಟ ದಿನ ನಾನೂ ನಿನ್ನ ಜೊತೆ ಅತ್ತೆ. ಅತ್ತಿದ್ದೆಲ್ಲ ಅಳು ಆಗಿರ್ಲಿಲ್ಲ."

ಸೋಪಕ್ಕ ತಲೆಯೆತ್ತಿ ತಂಗಿಯನ್ನು ನೋಡಿದಳು. ಬಹಳ ವರ್ಷದ ಮೇಲೆ ಮೊದಲ ಸಲ ಸರಿಯಾಗಿ ನೋಡಿದಂತೆ ನೋಡಿದಳು. ಕೋಪ ಬರಬೇಕಿತ್ತು. ಬಂತು ಕೂಡ.

"ಎಂಥ ಹೆಂಗಸೇ ನೀನು!" ಎಂದಳು.

"ನೀನೇನು ಕಡಿಮೆ?"

ತಂಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಟ್ಟೆ ಹಾಕಿದ್ದ ಕುರ್ಚಿಯನ್ನು ಎಳೆದು, ಅಕ್ಕನಿಗೆ ಅರ್ಧ ಬೆನ್ನು ಮಾಡಿ ಕುಳಿತಳು.

"ಟೀ ಇಡು," ಎಂದಳು. "ಕ್ಷಮಿಸಿಬಿಟ್ಟಳು ಅಂತ ಕುಣೀಬೇಡ. ಬಾಯಾರಿದೆ, ಅಷ್ಟೇ."